ಕುರುಗೋಡಿನ ಕಲ್ಲು, ಸಿರುಗುಪ್ಪದ ಮಣ್ಣು

ನನ್ನ ಹೆಂಡತಿ ಒಂದು ಕಲ್ಲಿನ ಸಲುವಾಗಿ ನನ್ನ ಜೊತೆ ವರ್ಷಗಟ್ಟಲೆ ಜಗಳವಾಡಿದಳು ಅಂದರೆ ಯಾರೂ ನಂಬುವುದಿಲ್ಲ. ಜಗಳ ಅನ್ನುವುದೂ ತಪ್ಪೇ. ಆಕೆ ಕೇಳಿದಳು, ನಾನು ‘ಆಗಲಿ’ ಅಂದೆ. ನಡೆದದ್ದು ಇಷ್ಟೇ.

ಬಳ್ಳಾರಿಯ ಗಾಂಧಿನಗರದಲ್ಲಿ ಅದಿರು ಪರೀಕ್ಷೆ ಮಾಡುವ ಒಂದು ಖಾಸಗಿ ಲ್ಯಾಬಿನಲ್ಲಿ ನನ್ನ ಕೆಲಸ. ಗಣಿಗಳಿಂದ ಚೀಲದಲ್ಲಿ ಅದಿರು ಬರುತ್ತದೆ. ಅದರಲ್ಲಿ ಕಬ್ಬಿಣ ಎಷ್ಟು, ಸಿಲಿಕಾ ಎಷ್ಟು, ಅಲ್ಯೂಮಿನಾ ಎಷ್ಟು ಅಂತ ನೋಡಿ ಬರೆದುಕೊಡುತ್ತೇನೆ. ಮೂವತ್ತು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದವನು. ಈ ಕಲ್ಲು ಕಲ್ಲಾಗುವ ಮೊದಲು ಏನಾಗಿತ್ತು ಅಂತ ಯಾವ ಗಿರಾಕಿಯೂ ನನ್ನನ್ನು ಕೇಳಿದ್ದಿಲ್ಲ. ಕೇಳಿದ್ದು ನನ್ನ ಹೆಂಡತಿ ಒಬ್ಬಳೇ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಆಕೆಯ ಪ್ರಶ್ನೆಯೂ ನನಗೆ ಹಾಗೇ ಆಗಿತ್ತು.

ಆಕೆ ಕುರುಗೋಡಿನ ಮಗಳು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದಳು. ನಾನು ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿಯವನು. ನಮ್ಮ ಮದುವೆಯಾದ ಐದಾರು ವರ್ಷಕ್ಕೆ, ಒಮ್ಮೆ ತವರಿಗೆ ಹೋದವಳು ಬರುವಾಗ ಬ್ಯಾಗಿನಲ್ಲಿ ಒಂದು ಕಲ್ಲು ಹೊತ್ತು ತಂದಳು. ತೆಂಗಿನಕಾಯಿಗಿಂತ ಸ್ವಲ್ಪ ಸಣ್ಣದು, ಬೂದಿ ಬಣ್ಣಕ್ಕೆ ಒಂಚೂರು ಹಸಿರು ಬೆರೆತದ್ದು, ಮೈಯೆಲ್ಲ ಪದರ ಪದರ. ಬಿಸಿಲಿಗೆ ಹಿಡಿದರೆ ಮೀನಿನ ಮೈಯ ಹಾಗೆ ಮಿನುಗುತ್ತಿತ್ತು. ಕುರುಗೋಡು ಅಂದರೆ ಎತ್ತ ನೋಡಿದರೂ ಗ್ರಾನೈಟ್ ಗುಡ್ಡ. ಅದರ ನಡುವೆ ರಸ್ತೆ ಪಕ್ಕದಲ್ಲಿ ಒಂದು ಕಡೆ ಮಾತ್ರ ಇಂಥ ಪದರುಗಲ್ಲಿನ ಸಣ್ಣ ಪಟ್ಟಿ ಇತ್ತು. ಬಸ್ಸಿಗೆ ಕಾಯುತ್ತಾ ನಿಂತವಳು ಎತ್ತಿಕೊಂಡಳಂತೆ.

‘ಇದು ನಿಮ್ಮೂರ ಹೊಳಿ ಮಣ್ಣಿನ ಜಾತೀದು ನೋಡ್ರಿ,’ ಅಂದಳು. ‘ಮೊದಲು ಕೆಸರು. ಭೂಮಿ ಒಳಗ ಹೋಗಿ, ಬೆಂದು, ಒತ್ತಿಸ್ಕೊಂಡು ಹಿಂಗಾಗೈತಿ.’

‘ಕೆಸರೂ ಅಲ್ಲ, ಮಣ್ಣೂ ಅಲ್ಲ. ಇದು ಜ್ವಾಲಾಮುಖಿ ಕಲ್ಲು. ಬಣ್ಣ ನೋಡಿದ್ರ ಗೊತ್ತಾಗೂದಿಲ್ಲೇನು?’ ಅಂದೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಅದು ನನಗೆ ಹುಟ್ಟಿನಿಂದ ಅಂಟಿದ ರೋಗ.

‘ಹಂಗಾದ್ರ ನಿಮ್ಮ ಲ್ಯಾಬಿನಾಗ ಒಂದ್ಸಲ ಹಾಕಿ ನೋಡ್ರಿ. ನಾ ಸೋತ್ರ ಸೋತೆ.’

‘ಆಗಲಿ,’ ಅಂದೆ.

ಆಗಿನ ಕಾಲಕ್ಕೆ ಎಲ್ಲವನ್ನೂ ಆಸಿಡ್ಡಿನಲ್ಲಿ ಕರಗಿಸಿ, ಸೋಸಿ, ತೂಗಿ ನೋಡಬೇಕಿತ್ತು. ಒಂದು ಕಲ್ಲಿಗೆ ಎರಡು ದಿನ ಹಿಡಿಯುತ್ತಿತ್ತು. ‘ಟೈಮಿಲ್ಲ ಮಾರಾಯ್ತಿ’ ಅಂದರೆ ಸುಳ್ಳೇನೂ ಆಗುತ್ತಿರಲಿಲ್ಲ. ಆಮೇಲೆ ಲ್ಯಾಬಿಗೆ, ಪುಡಿ ಕೊಟ್ಟರೆ ಅದರಲ್ಲಿ ಏನೇನಿದೆ ಅಂತ ತಾನೇ ಹೇಳುವ ಎಕ್ಸ್-ರೇ ಮಿಷಿನ್ ಬಂತು. ನನ್ನ ನೆಪ ಮಾತ್ರ ಹಳೆಯದೇ ಉಳಿಯಿತು. ಆಕೆ ವರ್ಷಕ್ಕೆ ಎರಡು ಸಲವಾದರೂ ಕೇಳುವಳು. ಊಟಕ್ಕೆ ಬಡಿಸುತ್ತಾ ಕೇಳುವಳು, ಬಟ್ಟೆ ಮಡಿಸುತ್ತಾ ಕೇಳುವಳು. ನಾನು ಪೇಪರಿನಿಂದ ತಲೆ ಎತ್ತದೆ ಆಗಲಿ ಅನ್ನುವೆ.

ಕೇಳುವುದನ್ನು ಆಕೆ ನಿಲ್ಲಿಸಿದ್ದು ಒಂದು ಗೃಹಪ್ರವೇಶದ ದಿನ. ಕುರುಗೋಡಿನಲ್ಲಿ ಆಕೆಯ ಅಣ್ಣ ಹೊಸ ಮನೆ ಕಟ್ಟಿಸಿದ್ದ. ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದೆವು, ಬೀಗರೆಲ್ಲ ಇದ್ದರು. ಯಾರೋ ಗುಡ್ಡದ ಕಲ್ಲಿನ ಮಾತು ತೆಗೆದರು. ಆಕೆ ಹುರುಪಿನಿಂದ ಆ ಪದರುಗಲ್ಲಿನ ಪಟ್ಟಿಯ ವಿಷಯ ಹೇಳತೊಡಗಿದಳು: ಅಲ್ಲಿ ಹಿಂದೊಮ್ಮೆ ನೀರಿತ್ತು, ತಳದಲ್ಲಿ ಕೆಸರು ಕೂತಿತ್ತು ಅಂತ. ನಾನು ಹೋಳಿಗೆ ಮುರಿಯುತ್ತಾ ಅಂದೆ: ‘ನಮ್ಮಾಕಿಗೆ ರಾಡಿಗೂ ಕಲ್ಲಿಗೂ ಫರಕ್ ಗೊತ್ತಿಲ್ಲ. ಇಂಥಾಕಿ ಸಾಲ್ಯಾಗ ಪಾಠ ಮಾಡ್ತಾಳ ನೋಡ್ರಿ.’ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಆಕೆಯೂ ನಕ್ಕಳು. ಬಸ್ಸಿನಲ್ಲಿ ಬಳ್ಳಾರಿ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದು ನನಗೂ ಗೊತ್ತಿದ್ದ ಗಾದೆ. ಆದರೂ ಅಂದಿದ್ದಕ್ಕೆ ಒಂದು ಮಾತು ತಪ್ಪಾಯಿತು ಅನ್ನಲಿಲ್ಲ. ಆ ಕಲ್ಲನ್ನು ಆಕೆ ನಡುಮನೆಯ ಬಾಗಿಲಿಗೆ ಆನಿಕೆಯಾಗಿ ಇಟ್ಟಳು, ಗಾಳಿಗೆ ಬಡಿದುಕೊಳ್ಳದಿರಲಿ ಅಂತ. ಮುಂದೆ ಅದರ ಮಾತು ನಮ್ಮ ಮನೆಯಲ್ಲಿ ಬರಲಿಲ್ಲ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದೆ ನೋವು ಅಂದವಳು ಮಧ್ಯಾಹ್ನಕ್ಕೆ ಇರಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ದಿನಕರ್ಮ ಮುಗಿದು ನೆಂಟರೆಲ್ಲ ಹೋದ ಮೇಲೆ ಮನೆ ಎಷ್ಟು ಸುಮ್ಮನಾಯಿತೆಂದರೆ, ಫ್ರಿಜ್ ಗುರ್ ಅಂದರೆ ಯಾರೋ ಬಂದರೇನೋ ಅಂತ ತಿರುಗಿ ನೋಡುತ್ತಿದ್ದೆ. ಒಬ್ಬನೇ ಇರುವುದು ಕಷ್ಟ ಅಂತ ಜನ ಹೇಳುತ್ತಾರೆ. ನನಗೆ ಅದಕ್ಕಿಂತ ಕಷ್ಟವಾದದ್ದು ಎದುರು ಮಾತಾಡಲು ಯಾರೂ ಇಲ್ಲದ್ದು. ನಾನು ತಪ್ಪು ಹೇಳಿದರೆ ‘ಹಂಗಲ್ರಿ ಅದು’ ಅನ್ನುವವರು ಬೇಕಿತ್ತು. ಟೀವಿಯ ಮುಂದೆ ಕೂತು ಸುದ್ದಿ ಓದುವವರ ಜೊತೆ ಜಗಳವಾಡಿ ನೋಡಿದೆ. ಅವರು ಕೇಳಿಸಿಕೊಳ್ಳುವುದಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ಹೆಣ್ಣುಮಗಳು ಇದ್ದಾಳೆ. ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುವುದು ಅವಳ ಕಸುಬು. ನನ್ನನ್ನು ಅಣ್ಣಾರ ಅನ್ನುತ್ತಾಳೆ, ನನ್ನ ಹೆಂಡತಿಯನ್ನು ಟೀಚರಕ್ಕ ಅನ್ನುತ್ತಿದ್ದಳು. ಸಂಜೆ ನನಗೂ ರೊಟ್ಟಿ ಕೊಡುವಳು. ‘ಹಂ’ ಅಂತ ಇಸಿದುಕೊಂಡು ಒಳಗೆ ಬರುತ್ತಿದ್ದೆ. ಅವಳ ಜೊತೆ ನನ್ನದು ಅಷ್ಟೇ ಬಳಕೆ.

ಈ ವರ್ಷ ಬೇಸಿಗೆ ಶುರುವಾಗುವಾಗ ಒಂದು ಭಾನುವಾರ ಮಧ್ಯಾಹ್ನ ಜೋರು ಗಾಳಿ ಎದ್ದಿತು. ಬಾಗಿಲು ಕಲ್ಲನ್ನೂ ತಳ್ಳಿಕೊಂಡು ಧಡಾರನೆ ಹಾಕಿಕೊಂಡಿತು. ಕಲ್ಲು ಅಂಗಾತ ಬಿದ್ದಿತ್ತು. ಎತ್ತಿ ಸರಿಯಾಗಿ ಇಡಲು ಹೋದರೆ ಅದರ ಅಡಿಗೆ ಒಂದು ಚೀಟಿ ಅಂಟಿಸಿದ್ದು ಕಂಡಿತು. ನಮ್ಮ ಲ್ಯಾಬಿನಲ್ಲಿ ಬಂದ ಪ್ರತಿ ಚೀಲಕ್ಕೂ ಇಂಥದೇ ಚೀಟಿ ಹಚ್ಚುತ್ತೇವೆ. ಆಕೆ ಅದನ್ನೇ ನೋಡಿ ಬರೆದಿದ್ದಳು, ಬೋರ್ಡಿನ ಮೇಲೆ ಬರೆಯುವಂಥ ದುಂಡಗಿನ ಅಕ್ಷರದಲ್ಲಿ: ಸ್ಥಳ, ಕುರುಗೋಡು. ತಂದವರು, ನಾನು. ಪರೀಕ್ಷೆ, ಬಾಕಿ.

ಆಕೆ ಅದನ್ನು ಯಾವಾಗ ಅಂಟಿಸಿದಳೋ, ಗೃಹಪ್ರವೇಶಕ್ಕೆ ಮೊದಲೋ ಆಮೇಲೋ, ಈಗ ಯಾರನ್ನು ಕೇಳಲಿ? ಒಂದು ಮಾತ್ರ ಗಟ್ಟಿ ಮಾಡಿಕೊಂಡೆ. ಅದು ಕೆಸರೋ ಬೆಂಕಿಯೋ, ನೋಡಿಯೇ ತೀರಬೇಕು. ಆಕೆ ಸೋತಿದ್ದರೆ ನನ್ನ ನಗು ತಪ್ಪಾದರೂ ಮಾತು ಸರಿ ಇತ್ತು ಅಂತಾಗುತ್ತದೆ. ಗೆದ್ದಿದ್ದರೆ ಹಾಗಂತ ಒಪ್ಪಿಕೊಳ್ಳಬೇಕು. ಸತ್ತವರ ಮುಂದೆಯಾದರೂ ಸರಿ.

ಮೊದಲನೆಯ ಸಲವೇ ಕೆಡಿಸಿದೆ. ಅದಿರಿನ ಲ್ಯಾಬಿನವರಿಗೆ ಒಂದು ಅಭ್ಯಾಸ ಇರುತ್ತದೆ. ಬಂದ ಮಾಲನ್ನೆಲ್ಲ ಒಡೆದು ಗುಡ್ಡೆ ಹಾಕಿ, ಗುಡ್ಡೆಯನ್ನು ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದುಕೊಳ್ಳುವುದು. ಒಂದು ತುಣುಕು ನೋಡಿ ಇಡೀ ಕಲ್ಲಿನ ಮಾತು ಹೇಳಬಾರದು ಅನ್ನುವುದು ನಮ್ಮ ಧರ್ಮ. ಹಾಗಾಗಿ ಕಲ್ಲನ್ನು ಪೂರ್ತಿ ಸುತ್ತಿಗೆಯಿಂದ ಒಡೆದೆ. ಚೀಟಿಯನ್ನು ಮಾತ್ರ ಬಿಡಿಸಿ ಇಟ್ಟುಕೊಂಡೆ. ಚೂರುಗಳಲ್ಲಿ ಅರ್ಧವನ್ನು ಒಯ್ದು ಲ್ಯಾಬಿನ ಮಿಲ್ಲಿಗೆ ಹಾಕಿ ಪುಡಿ ಮಾಡಿದೆ. ಪುಡಿ ಹೊರಗೆ ಬಂದಾಗಲೇ ಕೆಂಪಗಿತ್ತು. ಮೂವತ್ತು ವರ್ಷದ ಅದಿರಿನ ದೂಳು ಆ ಮಿಲ್ಲಿನ ಮೂಲೆಮೂಲೆಯಲ್ಲಿ ಕೂತಿತ್ತು, ಎಷ್ಟು ತೊಳೆದರೂ ಹೋಗುವಂಥದ್ದಲ್ಲ. ಅದಿರು ಅರೆಯುವವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಬಳ್ಳಾರಿಯವನಲ್ಲದ ಯಾವ ಕೆಮಿಸ್ಟನೂ ಈ ತಪ್ಪು ಮಾಡುತ್ತಿರಲಿಲ್ಲ. ಮಿಷಿನ್ ಕಬ್ಬಿಣ ಕಬ್ಬಿಣ ಅಂತ ಬಡಿದುಕೊಂಡಿತು. ಅದು ಕೊಟ್ಟ ಲೆಕ್ಕದ ಕಾಗದವನ್ನು ಹರಿದು ಬಿಸಾಡಿದೆ.

ಉಳಿದ ಅರ್ಧ ಚೂರುಗಳನ್ನು ಕೈಯಿಂದಲೇ ಅರೆಯುವುದು ಅಂತ ತೀರ್ಮಾನಿಸಿದೆ. ಲ್ಯಾಬಿನಲ್ಲಿ ಅಗೇಟ್ ಕಲ್ಲಿನ ಸಣ್ಣ ಒರಳು ಇತ್ತು, ಅಂಗೈಯಗಲ. ಅದರಲ್ಲಿ ಒಂದು ಸಲಕ್ಕೆ ಒಂದು ಚಿಟಿಕೆ ಮಾತ್ರ ಅರೆಯಬಹುದು. ಅದನ್ನು ಮನೆಗೆ ತಂದು ತಿಂಗಳೊಪ್ಪತ್ತು ದಿನಾ ಸಂಜೆ ಕೂತು ಅರೆದೆ. ಮಿಷಿನ್ನಿಗೆ ಒಂದು ಚಮಚ ಪುಡಿ ಸಾಕಿತ್ತು. ನಾನು ಅಷ್ಟನ್ನೂ ಅರೆದೆ. ಪಾಲು ಬಿಡಬಾರದು ಅನ್ನುವ ಧರ್ಮ ಒಂದು. ಇನ್ನೊಂದು, ಆ ಹೊತ್ತಿನಲ್ಲಿ ಮನೆಯಲ್ಲಿ ಏನೋ ಒಂದು ಸದ್ದು ಇರುತ್ತಿತ್ತು. ಪುಡಿ ಮೈದಾದಷ್ಟು ನುಣ್ಣಗೆ, ಬೆಳ್ಳಗೆ ಆಯಿತು. ಅಡಿಗೆಮನೆಯ ಕಪಾಟಿನಲ್ಲಿ ಒಂದು ಖಾಲಿ ಪ್ಲಾಸ್ಟಿಕ್ ಡಬ್ಬಿ ಹುಡುಕಿದೆ, ಸಿಗಲಿಲ್ಲ. ವರಾಂಡದ ಕಿಟಕಿಯಲ್ಲಿ ಒಂದು ಇತ್ತು. ತಳದಲ್ಲಿ ಏನೋ ಬಿಳಿ ಪುಡಿ, ಸುಣ್ಣ ಇರಬೇಕು ಅಂತ ತೊಳೆದೆ. ಶನಿವಾರ ಪುಡಿಯನ್ನೆಲ್ಲ ಅದಕ್ಕೆ ತುಂಬಿ, ತೇವ ಆರಲಿ ಅಂತ ಮುಚ್ಚಳ ಸಡಿಲಿಸಿ ಅದೇ ಕಿಟಕಿಯಲ್ಲಿ ಇಟ್ಟೆ.

ಇನ್ನು ಜೊತೆಗೆ ಇಟ್ಟು ನೋಡಲು ಹೊಳೆಯ ಮಣ್ಣು ಬೇಕಿತ್ತು. ಕೆಸರು ಕಲ್ಲಾಗುವಾಗ ಅದರಲ್ಲಿರುವುದೆಲ್ಲ ಇದ್ದ ಹಾಗೇ ಇರುವುದಿಲ್ಲ. ನೀರು ಹೋಗುತ್ತದೆ, ಸೋಡಿಯಂ, ಪೊಟ್ಯಾಸಿಯಂ, ಸುಣ್ಣದಂಥವು ನೀರಿನ ಜೊತೆ ಬರುತ್ತವೆ, ಹೋಗುತ್ತವೆ. ಆದರೆ ಅಲ್ಯೂಮಿನಿಯಂ, ಟೈಟಾನಿಯಂ ಇವೆರಡು ಮೊಂಡು ಜೀವಗಳು. ಎಷ್ಟು ಬೆಂದರೂ ಒತ್ತಿದರೂ ಬಹುಮಟ್ಟಿಗೆ ಕೂತಲ್ಲೇ ಕೂತಿರುತ್ತವೆ. ಆದ್ದರಿಂದ ಒಂದಕ್ಕೆ ಇನ್ನೊಂದು ಎಷ್ಟು ಪಟ್ಟು ಅನ್ನುವ ಲೆಕ್ಕ ಸಾಮಾನ್ಯವಾಗಿ ಕೆಡುವುದಿಲ್ಲ. ನಮ್ಮ ಕಡೆಯ ಕಪ್ಪು ಲಾವಾದಲ್ಲಿ ಆ ಲೆಕ್ಕ ಒಂದು ಥರ, ಹೊಳೆಯ ಕೆಸರಿನಲ್ಲಿ ಇನ್ನೊಂದು ಥರ. ಲಾವಾದ ಕಲ್ಲು ಲ್ಯಾಬಿನಲ್ಲೇ ಇತ್ತು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಕುರುಗೋಡಿಗೆ ಹೋದೆ. ಆಕೆ ಕಲ್ಲು ಎತ್ತಿಕೊಂಡ ಜಾಗವನ್ನು ಒಂದು ಸಲ ನೋಡಬೇಕೆನ್ನಿಸಿತ್ತು. ಜಾಗವೇ ಇರಲಿಲ್ಲ. ರಸ್ತೆ ಅಗಲ ಮಾಡುವಾಗ ಕಡಿದು ಸಮ ಮಾಡಿದ್ದರು, ಮೇಲೆ ಡಾಂಬರು. ಸುತ್ತ ಗ್ರಾನೈಟ್ ಗುಡ್ಡಗಳು ಮಾತ್ರ ಬಿಸಿಲು ಕಾಯುತ್ತಾ ಕೂತಿದ್ದವು. ನನ್ನ ಡಬ್ಬಿಯಲ್ಲಿದ್ದದ್ದು ಬಿಟ್ಟರೆ ಆ ಕಲ್ಲು ಇನ್ನು ಕೈಗೆ ಸಿಗುವಂತಿರಲಿಲ್ಲ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಸಿರುಗುಪ್ಪಕ್ಕೆ ಹೋಗಿ ತುಂಗಭದ್ರೆಯ ದಂಡೆಗೆ ಇಳಿದೆ. ನೀರು ಹಿಂದೆ ಸರಿದು ಕೆಸರು ಒಣಗಿ ಹಪ್ಪಳದ ಹಾಗೆ ಎದ್ದಿತ್ತು. ಬಟ್ಟೆ ಒಗೆಯುತ್ತಿದ್ದ ಒಬ್ಬ ಮುದುಕಿ ನಾನು ಬಗ್ಗಿ ಬಗ್ಗಿ ಆರಿಸುವುದನ್ನು ನೋಡಿ, ‘ಏನ್ ಕಳಕೊಂಡ್ಯಪ್ಪ?’ ಅಂದಳು.

‘ಏನಿಲ್ಲಬೇ. ಮಣ್ಣು ಒಯ್ಯಾಕ ಬಂದೀನಿ, ಬಳ್ಳಾರಿಗೆ.’

‘ಬಳ್ಳಾರ್ಯಾಗ ಮಣ್ಣಿಗೂ ಬರ ಬಂತೇನು?’ ಅಂದು ಮತ್ತೆ ಬಟ್ಟೆ ಬಡಿಯತೊಡಗಿದಳು. ನನಗೆ ನಗು ಬಂತು. ಇದನ್ನು ಆಕೆಗೆ ಹೇಳಬೇಕು ಅಂದುಕೊಂಡೆ, ಮರುಕ್ಷಣ ನೆನಪಾಯಿತು.

ಸಂಜೆ ನಾಲ್ಕಕ್ಕೆ ಮನೆಗೆ ಬಂದರೆ ಕಿಟಕಿಯಲ್ಲಿ ಡಬ್ಬಿ ಇತ್ತು, ಪುಡಿ ಇರಲಿಲ್ಲ. ಬಳಿದು ತೆಗೆದ ಹಾಗೆ ಖಾಲಿ. ಏನು ಮಾಡಬೇಕೋ ತೋಚದೆ ಕೆಳಗೆ ನೋಡಿದೆ. ಬಾಗಿಲ ಮುಂದೆ ದೊಡ್ಡದೊಂದು ರಂಗೋಲಿ. ಇಳಿಬಿಸಿಲಿಗೆ ಅದು ಮಿನುಗುತ್ತಿತ್ತು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಪಕ್ಕದ ಮನೆಯ ಬಾಗಿಲು ಬಡಿದೆ. ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

‘ಈ ಡಬ್ಬ್ಯಾಗಿನ ಪುಡಿ ಯಾರು ಮುಟ್ಟಿದ್ರು?’

‘ನಾನೇ ತಗೊಂಡೆ ಅಣ್ಣಾರ. ಯಾಕ್ರಿ?’

‘ಬುದ್ಧಿ ಐತೇನು ನಿಮಗ? ಒಬ್ಬರ ಮನಿ ವಸ್ತು ಹೇಳದೆ ಕೇಳದೆ ಮುಟ್ಟೂದು? ರಂಗೋಲಿ ಹಾಕು ಅಂತ ನಿಮಗ ಯಾರು ಹೇಳಿದ್ರು?’

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ‘ಯಾರೂ ಹೇಳಿಲ್ರಿ. ಅದು ಟೀಚರಕ್ಕನ ರಂಗೋಲಿ ಡಬ್ಬಿ. ಅಕ್ಕ ಹೋದಮ್ಯಾಲೆ ಅದರಾಗ ಪುಡಿ ಹಾಕಾಕಿ ನಾನು, ತಗೊಂಡು ನಿಮ್ಮ ಬಾಗಲಿಗೆ ಇಡಾಕಿನೂ ನಾನು. ಮೂರು ವರ್ಷ ಆತು. ಇಷ್ಟು ದಿನ ಯಾರು ಹಾಕ್ತಾರ ಅಂದ್ಕೊಂಡಿದ್ರಿ?’

ನಾನು ಏನೂ ಅಂದುಕೊಂಡಿರಲಿಲ್ಲ. ದಿನಾ ಅದನ್ನು ದಾಟಿಕೊಂಡೇ ಕೆಲಸಕ್ಕೆ ಹೋಗಿದ್ದೆ, ಒಂದು ದಿನವೂ ನೋಡಿರಲಿಲ್ಲ. ಅವಳು ಮುಂದುವರಿಸಿದಳು: ‘ನಡುವ ಡಬ್ಬಿ ಕಾಣಲಿಲ್ಲ, ನಮ್ಮನಿ ಪುಡೀಲೇ ಹಾಕಿದೆ. ಇವತ್ತು ನೋಡಿದ್ರ ತುಂಬಿಸಿ ಇಟ್ಟೀರಿ. ಅಣ್ಣಾರಿಗೆ ಮನಿ ಕಡಿ ಲಕ್ಷ್ಯ ಬಂತು ಅಂತ ಖುಷಿ ಆತು ನನಗ. ಅದಕ್ಕ ದೊಡ್ಡದು ಹಾಕೀನಿ.’

ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಕಟ್ಟೆಯ ಮೇಲೆ ಕೂತೆ. ‘ಅದು ಬಾಗಲಿಗೆ ಇಟ್ಟಿದ್ದ ಕಲ್ಲು ತಂಗಿ. ಅರೆದು ಪುಡಿ ಮಾಡಿದ್ದೆ,’ ಅಂದೆ. ಅಷ್ಟು ಹೇಳುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಬೀದಿಯಲ್ಲಿ ಕೂತು ಅತ್ತೆ. ಆಕೆ ಹೋದ ದಿನವೂ ಹಾಗೆ ಅತ್ತಿರಲಿಲ್ಲ.

‘ಟೀಚರಕ್ಕನ ಕಲ್ಲಾ?’ ಅಂದಳು. ಆಮೇಲೆ ಒಳಗೆ ಹೋಗಿ ತನ್ನ ರಂಗೋಲಿ ಡಬ್ಬಿಯನ್ನೂ ಒಂದು ತೆಳು ಬಟ್ಟೆಯನ್ನೂ ತಂದಳು. ‘ನಿಮ್ಮ ಪುಡಿ ಭಾಳ ನುಣ್ಣಗಿತ್ತು, ಬೆರಳಾಗಿಂದ ಇಳೀಲಿಲ್ಲ. ನಮ್ಮ ದಪ್ಪನ್ನ ಪುಡಿ ಕೂಡಿಸಿ ಹಾಕೀನಿ. ಉಳಿದಿದ್ದು ಇದರಾಗ ಐತಿ. ಬಟ್ಟೀಲಿ ಜಾಡಿಸಿದ್ರ ನಿಮ್ಮದು ಕೆಳಗ ಬೀಳತೈತಿ, ನಮ್ಮದು ಮ್ಯಾಲ ಉಳೀತೈತಿ. ನೋಡೂಣು ಬರ್ರಿ.’

ಮೂವತ್ತು ವರ್ಷ ಜರಡಿ ಹಿಡಿದವನು ನಾನು, ನನಗೆ ಹೊಳೆದಿರಲಿಲ್ಲ. ಅವಳು ಬಟ್ಟೆಯ ಎರಡು ತುದಿ ಹಿಡಿದಳು, ನಾನು ಎರಡು ತುದಿ ಹಿಡಿದೆ. ಕೆಳಗಿನ ತಟ್ಟೆಯಲ್ಲಿ ಎರಡು ಚಮಚದಷ್ಟು ನುಣ್ಣನೆ ಪುಡಿ ಬಿತ್ತು. ಅವಳ ಪುಡಿಯ ದೂಳೂ ಅದರಲ್ಲಿ ಸೇರಿತ್ತು, ಅನುಮಾನವೇ ಇಲ್ಲ. ಆದರೆ ರಂಗೋಲಿ ಪುಡಿ ಬಿಳಿ ಕಲ್ಲಿನದು, ಅದರಲ್ಲಿ ಅಲ್ಯೂಮಿನಿಯಂ, ಟೈಟಾನಿಯಂ ಹೆಸರಿಗೂ ಇರುವುದು ಕಡಿಮೆ. ಎಷ್ಟು ಬೆರೆತರೂ ಅವೆರಡರ ನಡುವಿನ ಲೆಕ್ಕ ಹೆಚ್ಚು ಕದಲುವುದಿಲ್ಲ. ಗಟ್ಟಿ ಮಾಡಿಕೊಳ್ಳಲು ಅವಳ ಡಬ್ಬಿಯಿಂದ ಬರೀ ರಂಗೋಲಿ ಪುಡಿಯನ್ನೂ ಒಂದು ಪೊಟ್ಟಣ ಕಟ್ಟಿಕೊಂಡೆ.

ಮುಂದಿನ ಭಾನುವಾರ ಲ್ಯಾಬಿನಲ್ಲಿ ನಾನೊಬ್ಬನೇ. ಕಲ್ಲು, ಹೊಳೆಯ ಮಣ್ಣು, ಲಾವಾ, ರಂಗೋಲಿ, ನಾಲ್ಕನ್ನೂ ಬೇರೆಬೇರೆ ಕುಲುಮೆಯಲ್ಲಿ ಕರಗಿಸಿ ಗಾಜಿನಂಥ ಬಿಲ್ಲೆ ಮಾಡಿ ಮಿಷಿನ್ನಿಗೆ ಕೊಟ್ಟೆ. ರಂಗೋಲಿಯಲ್ಲಿ ನಾನು ಅಂದುಕೊಂಡಂತೆ ಅವೆರಡೂ ಇದ್ದೂ ಇಲ್ಲದ ಹಾಗಿದ್ದವು. ಲಾವಾದ ಲೆಕ್ಕ ಒಂದು ಕಡೆ ದೂರ ಹೋಗಿ ನಿಂತಿತು. ಕುರುಗೋಡಿನ ಕಲ್ಲು ಮತ್ತು ಸಿರುಗುಪ್ಪದ ಮಣ್ಣು ಅಕ್ಕಪಕ್ಕದಲ್ಲಿ ಬಂದು ಕೂತವು. ಎರಡು ಸಲ ಮಾಡಿದೆ. ಎರಡೂ ಸಲ ಅದೇ ಬಂತು.

ಕೆಸರೇ. ಆಕೆ ಹೇಳಿದ್ದು ಸರಿ ಇತ್ತು. ನಾನು ಜನರ ಮುಂದೆ ನಕ್ಕಿದ್ದು ತಪ್ಪು, ಆಡಿದ ಮಾತೂ ತಪ್ಪು. ಕೈ ತಾನಾಗಿ ಫೋನಿಗೆ ಹೋಯಿತು. ಆಕೆಯ ನಂಬರು ಇನ್ನೂ ಅದರಲ್ಲೇ ಇದೆ. ‘ನೀ ಗೆದ್ದಿ’ ಅಂತ ಹೇಳಬೇಕಿತ್ತು. ಸೋಲುವುದಕ್ಕೂ ಎದುರಿಗೆ ಒಬ್ಬರು ಬೇಕು ಅಂತ ನನಗೆ ಆವರೆಗೆ ಗೊತ್ತಿರಲಿಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡು ಲ್ಯಾಬಿಗೆ ಬೀಗ ಹಾಕಿದೆ.

ಮನೆಗೆ ಬಂದಾಗ ಪಕ್ಕದವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ನಿಂತು ಅಂದೆ: ‘ಆ ಕಲ್ಲು ಮೊದಲು ಮಣ್ಣಾಗಿತ್ತು ತಂಗಿ. ನಿಮ್ಮ ಟೀಚರಕ್ಕ ಹೇಳಿದ್ದು ಖರೇ ಆತು.’

‘ನನಗ ಗೊತ್ತಿತ್ತಲ್ರಿ ಅದು,’ ಅಂದಳು ಬಡಿಯುವುದನ್ನು ನಿಲ್ಲಿಸದೆ. ‘ಅಕ್ಕ ಇಲ್ಲೇ ಕುಂತು ಎಲ್ಲಾ ಹೇಳಾಕಿ. ಹೊಳಿ ಹೆಂಗ ಕೆಸರು ತರತೈತಿ, ಕೆಸರು ಹೆಂಗ ಕಲ್ಲು ಆಗತೈತಿ ಅಂತ. ನನಗೇನ್ ತಿಳೀತೈತಿ ಅಕ್ಕ, ಅಣ್ಣಾರ ಮುಂದ ಹೇಳು ಅಂದ್ರ, ಅವರು ನಗ್ತಾರ, ನೀ ಕೇಳು ಸಾಕು ಅಂತಿದ್ಲು.’

ನಾನು ಚೌಕಟ್ಟು ಹಿಡಿದುಕೊಂಡು ನಿಂತೆ. ಅವಳು ರೊಟ್ಟಿಯನ್ನು ಹೆಂಚಿಗೆ ಹಾಕಿ, ಮೇಲೆ ನೀರು ಸವರಿ, ನನ್ನ ಕಡೆ ತಿರುಗಿದಳು.

‘ಅಲ್ರಿ ಅಣ್ಣಾರ, ಅದನ್ನ ನೋಡಾಕ ನಿಮ್ಮ ಮಿಷಿನ್ನಿಗೆ ಎಷ್ಟೊತ್ತು ಹಿಡೀತೈತಿ?’

‘ಹತ್ತು ನಿಮಿಷ.’

‘ಅಷ್ಟೇ ಏನ್ರಿ?’

ಚುಚ್ಚಬೇಕು ಅಂತ ಕೇಳಿದ್ದಲ್ಲ. ಗೊತ್ತಿಲ್ಲದ್ದಕ್ಕೆ ಕೇಳಿದಳು.

‘ಅಷ್ಟೇ ತಂಗಿ,’ ಅಂದೆ.